ಗ್ರೆನೇಡಾ ಒಂದೇ ದಿನದಲ್ಲಿ: ಜಾಯಿಕಾಯಿ, ಕೋಕೋ, ಕಾಡು – ಯಾವ ಸುತ್ತು, ಯಾವ ಹೊತ್ತು

ಕೆರಿಬಿಯನ್ ಕ್ರೂಸ್ ಹಡಗು ಹತ್ತುವವರು, ಸೇಂಟ್ ಜಾರ್ಜಸ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದುವ ಮಕ್ಕಳನ್ನು ನೋಡಲು ಹೋಗುವ ತಂದೆತಾಯಿ, ಕ್ರಿಕೆಟ್ ನೆಪದಲ್ಲಿ ವೆಸ್ಟ್ ಇಂಡೀಸ್ ಸುತ್ತುವವರು, ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: "ಗ್ರೆನೇಡಾದಲ್ಲಿ ಒಂದೇ ದಿನ ಇರುತ್ತೇವೆ. ಕಡಲತೀರ ಬೇಡ, ಕಾಡು ನೋಡಬೇಕು, ಅಲ್ಲಿನ ಊಟ ತಿಳಿಯಬೇಕು. ಗೈಡ್ ಇಟ್ಟುಕೊಂಡರೆ ಎಷ್ಟು ನೋಡಬಹುದು? ಸಸ್ಯಾಹಾರಿಗಳಿಗೆ ಏನು ಗತಿ?"

ದ್ವೀಪ ಚಿಕ್ಕದು, ಸುಮಾರು 34 ಕಿ.ಮೀ. ಉದ್ದ, 19 ಕಿ.ಮೀ. ಅಗಲ. ನಕ್ಷೆ ನೋಡಿದವರು "ಎರಡು ಗಂಟೆಯ ಕೆಲಸ" ಅಂದುಕೊಳ್ಳುತ್ತಾರೆ. ಆದರೆ ನಡುವೆ ಜ್ವಾಲಾಮುಖಿ ಬೆಟ್ಟಗಳಿವೆ. ರಸ್ತೆ ಚಾರ್ಮಾಡಿ ಘಾಟಿಯ ಹಾಗೆ ತಿರುವಿನ ಮೇಲೆ ತಿರುವು, ಅಗಲ ಮಾತ್ರ ಅದಕ್ಕಿಂತ ಕಡಿಮೆ. ಇಡೀ ಸುತ್ತಿಗೆ ಒಂಬತ್ತು ಗಂಟೆ ಬೇಕು. ಅಷ್ಟಿದ್ದರೂ ಸುತ್ತುವ ದಿಕ್ಕು ತಪ್ಪಿದರೆ ಅರ್ಧ ಜಾಗಗಳ ಬಾಗಿಲು ಹಾಕಿರುತ್ತದೆ.

1. ಹೊರಡುವ ಮೊದಲು

ಟಿಕೆಟ್ ಬುಕ್ ಮಾಡುವಾಗ ವಿಮಾನ ನಿಲ್ದಾಣದ ಸಂಕೇತ ಜಿಎನ್‌ಡಿ ಎಂದಿದೆಯೇ ನೋಡಿ. ಸ್ಪೇನ್ ದೇಶದ ಗ್ರನಾಡಾ ನಗರದ ಸಂಕೇತ ಜಿಆರ್‌ಎಕ್ಸ್. ನಗಬೇಡಿ, ಈ ಎರಡು ಹೆಸರು ಅದಲುಬದಲಾಗಿ ಬೇರೆ ಖಂಡಕ್ಕೆ ಹೋಗಿ ಇಳಿದವರಿದ್ದಾರೆ.

ಭಾರತದಿಂದ ನೇರ ವಿಮಾನವಿಲ್ಲ. ಲಂಡನ್, ಟೊರಾಂಟೊ, ನ್ಯೂಯಾರ್ಕ್ ಅಥವಾ ಮಯಾಮಿ ಮೂಲಕ ಹೋಗಬೇಕು. ಎಲ್ಲರೂ ಗ್ರೆನೇಡಾದ ವೀಸಾ ಬಗ್ಗೆ ಕೇಳುತ್ತಾರೆ, ಎಡವುವುದು ಮಾತ್ರ ದಾರಿಯಲ್ಲಿ. ಅಮೆರಿಕದ ನಿಲ್ದಾಣದಲ್ಲಿ ಬರೀ ವಿಮಾನ ಬದಲಿಸುವುದಿದ್ದರೂ ಭಾರತೀಯ ಪಾಸ್‌ಪೋರ್ಟ್‌ಗೆ ಅಮೆರಿಕದ ವೀಸಾ ಬೇಕೇ ಬೇಕು. ದಾರಿ ಗೊತ್ತುಮಾಡುವ ಮೊದಲು ಆಯಾ ದೇಶದ ಟ್ರಾನ್ಸಿಟ್ ನಿಯಮ ಓದಿ. ಅದೇ ಪ್ರವಾಸದಲ್ಲಿ ಟ್ರಿನಿಡಾಡ್ ಸೇರಿಸಿಕೊಂಡರೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕಾಗುತ್ತದೆ, ಇಲ್ಲದಿದ್ದರೆ ವಾಪಸು ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವೇ ಆ ಪತ್ರಕ್ಕೆ ಬೆಲೆ.

ಚೀಲದಲ್ಲಿ ಇರಬೇಕಾದವು: ಹಿಡಿತವಿರುವ ಅಡಿಯ ಬೂಟು (ಚಪ್ಪಲಿ ಕೆಸರಲ್ಲೇ ಉಳಿಯುತ್ತದೆ), ತೆಳು ಮಳೆಕೋಟು, ಸೊಳ್ಳೆ ಮುಲಾಮು, ತಲಾ ಎರಡು ಲೀಟರ್ ನೀರು, ಒಂದು ಜೊತೆ ಒಣ ಬಟ್ಟೆ, ಚಿಲ್ಲರೆ ನೋಟು. ಸೈನಿಕರ ಬಟ್ಟೆಯ ಹಾಗೆ ಹಸಿರು-ಕಂದು ಮಚ್ಚೆಯ ಪ್ಯಾಂಟು, ಟೋಪಿ, ಬ್ಯಾಗು ಯಾವುದೂ ಬೇಡ. ಅಲ್ಲಿ ನಾಗರಿಕರು ಅದನ್ನು ಧರಿಸುವುದು ಕಾನೂನಿಗೆ ವಿರುದ್ಧ, ಮಕ್ಕಳ ಅಂಗಿಗೂ ವಿನಾಯಿತಿ ಇದೆ ಎಂದುಕೊಳ್ಳಬೇಡಿ.

ಜನವರಿಯಿಂದ ಮೇ ತನಕ ಒಣ ಕಾಲ. ಜೂನ್‌ನಿಂದ ಮಳೆಯೂ ಚಂಡಮಾರುತದ ಋತುವೂ ಶುರು. 2004ರ ಸೆಪ್ಟೆಂಬರ್‌ನಲ್ಲಿ 'ಐವನ್' ಚಂಡಮಾರುತ ಜಾಯಿಕಾಯಿ ತೋಟಗಳನ್ನು ಬುಡಮೇಲು ಮಾಡಿತು. ಅಲ್ಲಿಯವರೆಗೆ ಇಂಡೊನೇಷ್ಯಾದ ನಂತರ ಜಗತ್ತಿಗೆ ಅತಿ ಹೆಚ್ಚು ಜಾಯಿಕಾಯಿ ಕೊಡುತ್ತಿದ್ದುದು ಈ ಪುಟ್ಟ ದ್ವೀಪವೇ. ಮರ ಫಲ ಕೊಡಲು ಆರೇಳು ವರ್ಷ ಬೇಕು, ತುಂಬು ಫಸಲಿಗೆ ಇನ್ನೂ ಹೆಚ್ಚು, ಹಾಗಾಗಿ ಆ ಪೆಟ್ಟಿನಿಂದ ಚೇತರಿಸಿಕೊಳ್ಳುವುದು ನಿಧಾನ. 2024ರ ಜುಲೈ 1ರಂದು 'ಬೆರಿಲ್' ಬಂದು ದ್ವೀಪದ ಉತ್ತರ ಭಾಗಕ್ಕೆ ಮತ್ತೆ ಹೊಡೆಯಿತು. ಆದ್ದರಿಂದ ಕೆಳಗೆ ಹೇಳಿದ ಪ್ರತಿ ಜಾಗಕ್ಕೂ ಹಿಂದಿನ ದಿನ ಗೈಡ್ ಕೈಯಿಂದ ಫೋನ್ ಮಾಡಿಸಿ, ತೆರೆದಿದೆಯೇ ಎಂದು ಖಚಿತಮಾಡಿಕೊಳ್ಳಿ.

2. ಗೈಡ್ ಗೊತ್ತುಮಾಡುವಾಗ ಕೇಳಬೇಕಾದ ಮಾತುಗಳು

ಇಲ್ಲಿ ಗೈಡ್ ಎಂದರೆ ಸಾಮಾನ್ಯವಾಗಿ ಟ್ಯಾಕ್ಸಿ ಓಡಿಸುವವರೇ. ಪರವಾನಗಿ ಇರುವವರನ್ನೇ ಹೋಟೆಲ್ ಅಥವಾ ಪ್ರವಾಸಿ ಕಚೇರಿಯ ಮೂಲಕ ಹಿಡಿಯಿರಿ.

ಅತಿ ದೊಡ್ಡ ಗೊಂದಲ "ಡಾಲರ್" ಎಂಬ ಪದದ್ದು. ದ್ವೀಪದ ನಾಣ್ಯ ಪೂರ್ವ ಕೆರಿಬಿಯನ್ ಡಾಲರ್, ಜನರ ಬಾಯಲ್ಲಿ 'ಇಸಿ'. ಒಂದು ಅಮೆರಿಕನ್ ಡಾಲರ್‌ಗೆ 2.70 ಇಸಿ ಎಂಬ ದರ 1976ರಿಂದ ಬದಲಾಗಿಲ್ಲ. ಇನ್ನೂರು ಎಂದು ಒಪ್ಪಿ ಸಂಜೆ ಕೈಚಾಚಿದಾಗ ಯಾವ ಇನ್ನೂರು ಎಂಬ ಜಗಳ ಹುಟ್ಟುವುದು ಇಲ್ಲೇ. ಬೆಲೆ ಹೇಳಿದ ಕೂಡಲೇ "ಇಸಿಯೋ, ಯುಎಸ್ಸೋ?" ಎಂದು ಕೇಳಿ. ಅದು ಅವಮಾನವಲ್ಲ, ಅಲ್ಲಿನವರೂ ಕೇಳುತ್ತಾರೆ. ಜೊತೆಗೆ ಇವನ್ನೂ ಬಾಯಿಬಿಟ್ಟು ಕೇಳಿಬಿಡಿ: ಬೆಲೆ ತಲೆಗೋ ಗಾಡಿಗೋ? ಪ್ರವೇಶ ಶುಲ್ಕ ಸೇರಿದೆಯೇ? ಊಟ? ಕಾಯುವ ಹೊತ್ತಿಗೆ ಬೇರೆ ದುಡ್ಡು ಇದೆಯೇ?

ಕ್ರೂಸ್‌ನವರಿಗೆ ಒಂದು ಮಾತು. ಹಡಗು ಹೊರಡುವ ಹೊತ್ತಲ್ಲ, ಎಲ್ಲರೂ ಹತ್ತಿರಬೇಕಾದ ಹೊತ್ತು ಮುಖ್ಯ. ಅದಕ್ಕೂ ಒಂದೂವರೆ ಗಂಟೆ ಮೊದಲು ಬಂದರಿನಲ್ಲಿರುವಂತೆ ಹೇಳಿ. ಹಡಗಿನ ಗಡಿಯಾರವೂ ದ್ವೀಪದ ಗಡಿಯಾರವೂ ಒಂದೇ ಸಮಯ ತೋರಿಸುತ್ತಿವೆಯೇ ನೋಡಿಕೊಳ್ಳಿ. ಆರೇ ಗಂಟೆ ಸಿಗುವುದಾದರೆ ಪೂರ್ತಿ ಸುತ್ತು ಬಿಟ್ಟುಬಿಡಿ. ಗ್ರಾಂಡ್ ಎಟಾಂಗ್ ಕೆರೆ ಮತ್ತು ಬೆಲ್ಮಾಂಟ್ ಕೋಕೋ ತೋಟ ನೋಡಿ ಬಂದ ದಾರಿಯಲ್ಲೇ ಮರಳಿ.

ವಾರದ ದಿನ ಆರಿಸುವ ಸ್ವಾತಂತ್ರ್ಯ ಇದ್ದರೆ ಮಂಗಳವಾರದಿಂದ ಶುಕ್ರವಾರದೊಳಗೆ ಹೋಗಿ. ವಾರಾಂತ್ಯದಲ್ಲಿ ಜಾಯಿಕಾಯಿ ಕೇಂದ್ರದಂಥ ಜಾಗಗಳಲ್ಲಿ ಕೆಲಸ ನಡೆಯುವುದಿಲ್ಲ, ಭಾನುವಾರ ಬಸ್ಸೂ ಅಪರೂಪ.

3. ಸುತ್ತಿನ ದಿಕ್ಕು: ಅಪ್ರದಕ್ಷಿಣೆ

ರಾಜಧಾನಿ ಸೇಂಟ್ ಜಾರ್ಜಸ್ ಇರುವುದು ನೈರುತ್ಯ ಮೂಲೆಯಲ್ಲಿ. ಅಲ್ಲಿಂದ ಬೆಟ್ಟ ಹತ್ತಿ ಗ್ರಾಂಡ್ ಎಟಾಂಗ್, ಇಳಿದು ಪೂರ್ವದ ಗ್ರೆನ್‌ವಿಲ್, ಉತ್ತರಕ್ಕೆ ಬೆಲ್ಮಾಂಟ್, ರಿವರ್ ಆಂಟ್ವಾನ್, ಸೊಟೇರ್, ಆಮೇಲೆ ಪಶ್ಚಿಮದ ಕರಾವಳಿ ಹಿಡಿದು ಗೂಯಾವ್, ಮರಳಿ ರಾಜಧಾನಿ. ಪ್ರದಕ್ಷಿಣೆ ಬಂದರೂ ಜಾಗಗಳು ಅವೇ ಅಲ್ಲವೇ ಎನ್ನಬಹುದು. ಆದರೆ ಬೆಟ್ಟದ ತಲೆಗೆ ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟುತ್ತದೆ, ಕೆರೆ ಕಾಣುವುದಿಲ್ಲ. ಅಲ್ಲದೆ ಊಟ ಸಿಗುವ ತೋಟ ದ್ವೀಪದ ಈಶಾನ್ಯದಲ್ಲಿದೆ. ಬೆಳಿಗ್ಗೆ ಕಾಡು, ನಡುಹಗಲು ತೋಟ, ಸಂಜೆಗೆ ಕಡಲ ದಾರಿ ಎಂದು ಹೊಂದುವುದು ಈ ದಿಕ್ಕಿನಲ್ಲಿ ಮಾತ್ರ.

ಬೆಳಿಗ್ಗೆ 7.30ಕ್ಕೆ ಗಾಡಿ ಹೊರಟಿರಬೇಕು. ಹಡಗು ಬಂದ ದಿನ 9 ಗಂಟೆಯ ನಂತರ ಕೆರೆಯ ಬಳಿ ವ್ಯಾನುಗಳ ಸಾಲು ಬೆಳೆಯುತ್ತದೆ.

ಗಾಡಿಯಿಂದ ಇಳಿದು ಯಾರನ್ನಾದರೂ ಏನಾದರೂ ಕೇಳುವ ಮೊದಲು "ಗುಡ್ ಮಾರ್ನಿಂಗ್" ಹೇಳಿ. ಇದನ್ನು ಸಣ್ಣದೆಂದು ಬಿಡಬೇಡಿ. ನಮಸ್ಕಾರವಿಲ್ಲದೆ ನೇರ ಬೆಲೆ ಕೇಳುವವರನ್ನು ಒರಟರೆಂದು ಎಣಿಸುತ್ತಾರೆ, ಉತ್ತರವೂ ಒರಟಾಗಿಯೇ ಬರುತ್ತದೆ. ಕತ್ತಲಾದ ಮೇಲೆ ಎದುರಾದವರು "ಗುಡ್ ನೈಟ್" ಎಂದರೆ ನಿಮ್ಮನ್ನು ಸಾಗಹಾಕುತ್ತಿಲ್ಲ, ಅಲ್ಲಿ ಅದೂ ಭೇಟಿಯ ಮಾತೇ.

4. ಗ್ರಾಂಡ್ ಎಟಾಂಗ್: ಕೆರೆ ಮತ್ತು ಕಾಡು (8.15ರಿಂದ 9.45)

ಫ್ರೆಂಚರು ಇಟ್ಟ ಹೆಸರು. ಅರ್ಥ ಅಕ್ಷರಶಃ 'ದೊಡ್ಡಕೆರೆ'. ಸಮುದ್ರಮಟ್ಟದಿಂದ ಸುಮಾರು 530 ಮೀಟರ್ ಎತ್ತರದಲ್ಲಿ, ಆರಿದ ಜ್ವಾಲಾಮುಖಿಯ ಬಾಯಲ್ಲಿ ನೀರು ನಿಂತು ಆದ ಕೆರೆ. ತಳವೇ ಇಲ್ಲ ಎಂದು ಕಥೆ ಹೇಳುತ್ತಾರೆ, ಇರುವುದು ಆರು ಮೀಟರ್ ಆಳ. ಸುತ್ತ ಮಳೆಕಾಡು. ಇಲ್ಲಿನ ವಾರ್ಷಿಕ ಮಳೆ 3500 ಮಿ.ಮೀ. ದಾಟುತ್ತದೆ, ಮಲೆನಾಡಿನವರಿಗೆ ಈ ವಾಸನೆ, ಈ ಪಾಚಿ, ಈ ಜಾರಿಕೆ ಹೊಸದೇನಲ್ಲ.

ಇಲ್ಲಿ ಮೂರು ಬಗೆಯ ನಡಿಗೆ ಇದೆ. ಒಂದನ್ನೇ ಆರಿಸಿಕೊಳ್ಳಿ.

ಕೆರೆಯ ದಂಡೆಯ ದಾರಿ ಸುಲಭ, ಮಕ್ಕಳು ಹಿರಿಯರು ಇರುವವರಿಗೆ ಇದೇ ಸಾಕು. ಕ್ವಾಕ್ವಾ ಬೆಟ್ಟದ ಏಣಿನ ದಾರಿಯಲ್ಲಿ ಹೋಗಲು ಒಂದೂವರೆ ಗಂಟೆ, ಬರಲು ಅಷ್ಟೇ. ಅದನ್ನು ಹಿಡಿದರೆ ದಿನದ ಅರ್ಧ ಅಲ್ಲೇ ಮುಗಿಯುತ್ತದೆ. 'ಸೆವೆನ್ ಸಿಸ್ಟರ್ಸ್' ಜಲಪಾತಕ್ಕೆ ಸ್ವಲ್ಪ ಮುಂದೆ ಖಾಸಗಿ ಜಮೀನಿನ ಮೂಲಕ ಇಳಿಯಬೇಕು, ಸಣ್ಣ ಶುಲ್ಕವಿದೆ, ಒಂದು ಕಡೆಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ದಾರಿಯುದ್ದಕ್ಕೂ ಕೆಸರು. ದಾರಿ ಶುರುವಾಗುವಲ್ಲಿ ಊರುಗೋಲು ಕೊಟ್ಟರೆ ಬಿಗುಮಾನ ಬಿಟ್ಟು ತೆಗೆದುಕೊಳ್ಳಿ. ಜಲಪಾತದ ಕೊಳದಲ್ಲಿ ಇಳಿದಿದ್ದಾಗ ನೀರಿನ ಬಣ್ಣ ಕಂದಾದರೆ, ಎಲೆ ಕಡ್ಡಿ ತೇಲಿ ಬರತೊಡಗಿದರೆ, ತಲೆಯ ಮೇಲೆ ಬಿಸಿಲಿದ್ದರೂ ಕೂಡಲೇ ದಡ ಹತ್ತಿ. ಮೇಲೆ ಎಲ್ಲೋ ಸುರಿದ ಮಳೆ ನಿಮಿಷಗಳಲ್ಲಿ ಕೆಳಗೆ ಬರುತ್ತದೆ.

ನಡೆಯಲಾಗದವರಿಗೆ ಕೆಳಗಿನ ಅನಾಂಡೇಲ್ ಜಲಪಾತ ಇದೆ, ಸುಮಾರು ಹತ್ತು ಮೀಟರ್ ಎತ್ತರ, ಗಾಡಿಯಿಂದ ಐದು ನಿಮಿಷ. ಮೇಲಿನಿಂದ ಹಾರಿ ತೋರಿಸುವ ಹುಡುಗರು ಕಾಸು ನಿರೀಕ್ಷಿಸುತ್ತಾರೆ. ಫೋಟೊ ತೆಗೆದರೆ ಕೊಡಿ, ಕೊಡುವ ಮನಸ್ಸಿಲ್ಲದಿದ್ದರೆ ಮೊದಲೇ ಬೇಡ ಎನ್ನಿ.

ಇಲ್ಲಿನ ಮೋನಾ ಕೋತಿಗಳು ಈ ನೆಲದವಲ್ಲ. ಆಫ್ರಿಕಾದಿಂದ ಜನರನ್ನು ಗುಲಾಮರಾಗಿ ಹೇರಿಕೊಂಡು ಬಂದ ಹಡಗುಗಳಲ್ಲೇ ಅವೂ ಬಂದವು. ಗೈಡ್ ಬಾಳೆಹಣ್ಣು ಹಿಡಿದು ಕರೆದು ನಿಮ್ಮ ಹೆಗಲ ಮೇಲೆ ಕೂರಿಸಲು ನೋಡಬಹುದು. ಒಪ್ಪಬೇಡಿ. ಕಚ್ಚಿದರೆ ಮಿಕ್ಕ ದಿನ ಆಸ್ಪತ್ರೆಯಲ್ಲಿ ಕಳೆಯುತ್ತೀರಿ.

5. ಬೆಲ್ಮಾಂಟ್ ಎಸ್ಟೇಟ್: ಕೋಕೋ ಮತ್ತು ಊಟ (10.45ರಿಂದ 1.00)

ದಿನದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದು. ಹದಿನೇಳನೇ ಶತಮಾನದ ತೋಟ, ಈಗಲೂ ಕೋಕೋ ಬೆಳೆದು ಹದಮಾಡುತ್ತದೆ. ಪುತ್ತೂರು, ಸುಳ್ಯದ ಕಡೆ ಅಡಿಕೆಯ ನಡುವೆ ಕೋಕೋ ನೋಡಿದವರಿಗೆ ಗಿಡ ಪರಿಚಿತ. ಇಲ್ಲಿ ನೋಡಬೇಕಾದುದು ಕೊಯ್ದ ನಂತರದ ಕೆಲಸ.

ಕಾಯಿ ಒಡೆದು ಕೊಟ್ಟಾಗ ಬೀಜದ ಸುತ್ತಲ ಬಿಳಿ ತಿರುಳನ್ನು ಚೀಪಿ, ಬೀಜ ಕಚ್ಚಬೇಡಿ. ತಿರುಳು ಹುಳಿಸಿಹಿ, ಬೀಜ ಕಡುಕಹಿ. ಚಾಕೊಲೇಟಿನ ರುಚಿ ಇನ್ನೂ ಅದರಲ್ಲಿ ಹುಟ್ಟಿರುವುದೇ ಇಲ್ಲ. ಅದಕ್ಕಾಗಿ ಹಸಿ ಬೀಜವನ್ನು ಮರದ ಪೆಟ್ಟಿಗೆಗಳಿಗೆ ತುಂಬಿ, ಬಾಳೆ ಎಲೆ ಮುಚ್ಚಿ, ಆರರಿಂದ ಎಂಟು ದಿನ ಹುಳಿ ಬರಿಸುತ್ತಾರೆ. ಇದಕ್ಕೆ ಅಲ್ಲಿ 'ಸ್ವೆಟಿಂಗ್', ಅಂದರೆ ಬೆವರಿಸುವುದು ಎನ್ನುತ್ತಾರೆ. ತಿರುಳು ಕರಗಿ ಸೋರುತ್ತದೆ, ರಾಶಿಯ ಒಳಗಿನ ಬಿಸಿ 45 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಎರಡು ದಿನಕ್ಕೊಮ್ಮೆ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಮಗುಚದಿದ್ದರೆ ಒಂದು ಕಡೆ ಬೂಸ್ಟು, ಇನ್ನೊಂದು ಕಡೆ ಹಸಿ. ಪೆಟ್ಟಿಗೆಯ ಮೇಲೆ ಕೈ ಹಿಡಿದು ನೋಡಿ, ಕಾವು ತಟ್ಟುತ್ತದೆ.

ಒಣಗಿಸುವ ಮನೆಗೆ 'ಬೂಕಾನ್' ಎಂದು ಹೆಸರು. ಹಳಿಯ ಮೇಲೆ ಜಾರುವ ದೊಡ್ಡ ದೊಡ್ಡ ಮರದ ತಟ್ಟೆಗಳನ್ನು ಬಿಸಿಲಿಗೆ ಎಳೆಯುತ್ತಾರೆ, ಮಳೆ ಹನಿದರೆ ಮನೆಯ ಅಡಿಗೆ ತಳ್ಳುತ್ತಾರೆ. ಅಡಿಕೆ ಒಣಹಾಕಿ ಮೋಡ ಕಂಡರೆ ಓಡುವವರಿಗೆ ಈ ಉಪಾಯ ನೋಡಿ ಹೊಟ್ಟೆಕಿಚ್ಚಾದರೆ ಆಶ್ಚರ್ಯವಿಲ್ಲ. ಬೀಜ ಮಗುಚುವುದು ಬರಿಗಾಲಿನಲ್ಲಿ, ಪಾದ ಎತ್ತದೆ ಉಜ್ಜುತ್ತಾ ಸಾಲು ಸಾಲಾಗಿ ನಡೆದು. ನಿಮ್ಮನ್ನೂ ಕರೆಯುತ್ತಾರೆ. ಬೂಟು ಬಿಚ್ಚಿ ಇಳಿಯಿರಿ, ಹೆಜ್ಜೆ ಎತ್ತಿ ತುಳಿಯಬೇಡಿ, ಬೀಜ ಒಡೆಯುತ್ತದೆ.

ಊಟವನ್ನು ಹಿಂದಿನ ದಿನವೇ ಹೇಳಿಟ್ಟಿರಬೇಕು. ಮುಖ್ಯವಾಗಿ 'ಆಯಿಲ್ ಡೌನ್' ತಿನ್ನುವ ಆಸೆಯಿದ್ದರೆ. ಇದು ಗ್ರೆನೇಡಾದ ರಾಷ್ಟ್ರೀಯ ಅಡುಗೆ. ದೊಡ್ಡ ಪಾತ್ರೆಯ ತಳಕ್ಕೆ ಉಪ್ಪು ಹಾಕಿದ ಮಾಂಸ ಅಥವಾ ಮೀನು, ಮೇಲೆ ಜೀಗುಜ್ಜೆ (ಘಟ್ಟದ ಮೇಲಿನವರ ದೀವಿಹಲಸು) ಹೋಳು, ಬಾಳೆಕಾಯಿ, ಹಿಟ್ಟಿನ ಉಂಡೆ, ಎಲ್ಲಕ್ಕೂ ಹೊದಿಕೆಯಾಗಿ ಕೆಸುವಿನ ಎಲೆ. ಅರಿಶಿನ ಕದಡಿದ ತೆಂಗಿನ ಹಾಲು ಸುರಿದು ಸಣ್ಣ ಉರಿಯಲ್ಲಿ, ಸೌಟು ಹಾಕದೆ ಬೇಯಿಸುತ್ತಾರೆ. ಹಾಲೆಲ್ಲ ಹೀರಿ ತಳದಲ್ಲಿ ತೆಂಗಿನೆಣ್ಣೆ ಮಾತ್ರ ಉಳಿದಾಗ ಅಡುಗೆ ಆಯಿತೆಂದು ಲೆಕ್ಕ, ಹೆಸರೂ ಅದರಿಂದಲೇ. ಕೆಸು ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದೆ ಎಂಬುದನ್ನು ಪತ್ರೊಡೆ ತಿನ್ನುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಜೀಗುಜ್ಜೆ ಇಲ್ಲಿಗೆ ಬಂದ ಬಗೆಯನ್ನು ಗೈಡ್ ಹೇಳದಿದ್ದರೆ ಕೇಳಿ. ಕಬ್ಬಿನ ತೋಟದ ಗುಲಾಮರಿಗೆ ಅಗ್ಗದ ಆಹಾರವಾಗಲಿ ಎಂದು ಬ್ರಿಟಿಷರು ಪೆಸಿಫಿಕ್ ದ್ವೀಪಗಳಿಂದ ಸಸಿ ತರಿಸಿದರು. ನೌಕಾಧಿಕಾರಿ ವಿಲಿಯಂ ಬ್ಲೈ 1793ರಲ್ಲಿ ಅವನ್ನು ಪಕ್ಕದ ಸೇಂಟ್ ವಿನ್ಸೆಂಟ್‌ಗೂ ಜಮೈಕಾಕ್ಕೂ ತಂದಿಳಿಸಿದ.

ಸಸ್ಯಾಹಾರಿಗಳು ಇದನ್ನು ಎರಡು ಸಲ ಓದಿ. ಆಯಿಲ್ ಡೌನ್‌ನಲ್ಲಿ ಮಾಂಸ ತಳದಲ್ಲಿರುತ್ತದೆ, ಅದರ ರಸ ಎಲ್ಲದಕ್ಕೂ ಏರುತ್ತದೆ. "ಮಾಂಸದ ತುಂಡು ತೆಗೆದು ಬಡಿಸಿ" ಎಂದರೆ ಕೆಲಸ ನಡೆಯುವುದಿಲ್ಲ, ಬೇರೆ ಪಾತ್ರೆಯಲ್ಲೇ ಮಾಡಿಸಬೇಕು. 'ಕಲಾಲೂ' ಸೂಪು ಎಂದರೆ ಕೆಸುವಿನ ಸೊಪ್ಪಿನದು, ಹೆಸರು ಕೇಳಿ ನೆಮ್ಮದಿಯಾಗಬೇಡಿ, ಅದಕ್ಕೆ ಏಡಿಯನ್ನೋ ಉಪ್ಪಿನ ಮಾಂಸವನ್ನೋ ಹಾಕುವುದುಂಟು. "ವೆಜಿಟೇರಿಯನ್" ಎಂದರೆ ಮೀನು ನಡೆಯುತ್ತದೆ ಎಂದು ತಿಳಿಯುವವರು ಬಹಳ. "ಮಾಂಸ ಇಲ್ಲ, ಕೋಳಿ ಇಲ್ಲ, ಮೀನು ಇಲ್ಲ, ಏಡಿ ಇಲ್ಲ" ಎಂದು ಒಂದೊಂದಾಗಿ ಹೇಳಿ. ಇದಕ್ಕಿಂತ ಸುಲಭ ಮಾತು 'ಐಟಲ್'. ರಾಸ್ತಫಾರಿ ಪಂಥದವರ ಪ್ರಾಣಿಜನ್ಯವಿಲ್ಲದ ಅಡುಗೆಗೆ ಆ ಹೆಸರು. ಕೆಲವರು ಅದಕ್ಕೆ ಉಪ್ಪೂ ಹಾಕುವುದಿಲ್ಲ, ಸಪ್ಪೆ ಅನ್ನಿಸಿದರೆ ಚೀಲದ ಉಪ್ಪಿನಕಾಯಿ ತೆಗೆಯಿರಿ.

ಯಾವುದೂ ಹೊಂದದಿದ್ದರೆ ರೋಟಿ ಇದ್ದೇ ಇದೆ. 1857ರ ಮೇ 1ರಂದು 'ಮೇಡ್‌ಸ್ಟೋನ್' ಹಡಗು ಭಾರತದಿಂದ ಮೊದಲ ಕರಾರು ಕೂಲಿಗಳನ್ನು ಇಲ್ಲಿಗೆ ತಂದಿತು. ಮುಂದಿನ ದಶಕಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿ ಬಂದರು. ಭಾಷೆ ಉಳಿಯಲಿಲ್ಲ, ರೋಟಿ ಉಳಿಯಿತು. ಆಲೂ-ಕಡಲೆ ಪಲ್ಯ ಒಳಗಿಟ್ಟು ಮಡಿಸಿ ಕೊಡುತ್ತಾರೆ. ಕೋಳಿ ರೋಟಿ ತಿನ್ನುವವರು ಮೊದಲ ತುತ್ತು ಮೆಲ್ಲಗೆ ಕಚ್ಚಿ, ಮೂಳೆಸಮೇತ ಹಾಕುವುದು ಅಲ್ಲಿನ ವಾಡಿಕೆ. ಎಲ್ಲದರ ಜೊತೆ ಮೇಜಿನ ಮೇಲಿರುವ ಹಳದಿ ಮೆಣಸಿನ ಸಾಸ್ ಬ್ಯಾಡಗಿಯಂಥದ್ದಲ್ಲ. ಸ್ಕಾಚ್ ಬಾನೆಟ್ ಮೆಣಸು, ಒಂದು ಹನಿಯಿಂದ ಶುರುಮಾಡಿ.

6. ರಿವರ್ ಆಂಟ್ವಾನ್ (1.20ರಿಂದ 2.00)

ಕುಡಿಯದವರೂ ಇದನ್ನು ತಪ್ಪಿಸಬೇಡಿ, ಇಲ್ಲಿ ನೋಡಬೇಕಾದುದು ಯಂತ್ರ. 1785ರಿಂದ ನಡೆಯುತ್ತಿರುವ ರಮ್ ಭಟ್ಟಿ. ಕಬ್ಬಿನ ಗಾಣವನ್ನು ಈಗಲೂ ನೀರಿನ ಚಕ್ರ ತಿರುಗಿಸುತ್ತದೆ. ರಸವನ್ನು ಸಾಲು ಕೊಪ್ಪರಿಗೆಗಳಲ್ಲಿ ಕಬ್ಬಿನ ಸಿಪ್ಪೆಯ ಬೆಂಕಿಗೆ ಕುದಿಸಿ, ಉದ್ದ ಹಿಡಿಯ ಸೌಟಿನಿಂದ ಒಂದರಿಂದ ಒಂದಕ್ಕೆ ಎತ್ತಿ ಹೊಯ್ಯುತ್ತಾರೆ. ಮಂಡ್ಯದ ಆಲೆಮನೆ ನೋಡಿದವರಿಗೆ ಅರ್ಧ ದಾರಿಯವರೆಗೆ ಎಲ್ಲ ಗೊತ್ತಿರುವುದೇ. ಬೆಲ್ಲವಾಗುವ ಮೊದಲೇ ರಸ ಹುಳಿಯುವ ತೊಟ್ಟಿಗೆ ತಿರುಗುತ್ತದೆ, ಅಷ್ಟೇ ವ್ಯತ್ಯಾಸ.

ಇಲ್ಲಿನ ರಮ್‌ನಲ್ಲಿ ಮದ್ಯಾಂಶ ಶೇ. 75. ಶೇ. 70 ಮೀರಿದ್ದನ್ನು ವಿಮಾನದಲ್ಲಿ ಯಾವ ಚೀಲದಲ್ಲೂ ಒಯ್ಯುವಂತಿಲ್ಲ. ಅದಕ್ಕೆಂದೇ ಶೇ. 69ರ ಬಾಟಲಿಯನ್ನೂ ಮಾಡಿದ್ದಾರೆ, ಕೊಳ್ಳುವಾಗ ಚೀಟಿ ಓದಿ. ರುಚಿ ನೋಡಲು ಕೊಟ್ಟರೆ ನಾಲಿಗೆಗೆ ತಾಗಿಸುವಷ್ಟು ಸಾಕು. ಗೈಡ್‌ಗೆ ಒತ್ತಾಯ ಮಾಡಬೇಡಿ, ಮುಂದಿನ ತಿರುವುಗಳನ್ನು ಹಿಡಿಯಬೇಕಾದವರು ಅವರು.

7. ಸೊಟೇರ್, ನಿಂತು ಹೊರಡುವಷ್ಟು

ಉತ್ತರ ತುದಿಯ ಊರು. ಹೆಸರಿನ ಅರ್ಥ 'ಹಾರಿದವರು'. 1651ರಲ್ಲಿ ಫ್ರೆಂಚ್ ಸೈನಿಕರ ಕೈಗೆ ಸಿಗುವ ಬದಲು ಇಲ್ಲಿನ ಮೂಲನಿವಾಸಿ ಕ್ಯಾರಿಬ್ ಜನ ಈ ಬಂಡೆಯ ಮೇಲಿಂದ ಸಮುದ್ರಕ್ಕೆ ಹಾರಿದರು. ಹದಿನೈದು ನಿಮಿಷ ನಿಲ್ಲಿ, ಅಂಚಿಗೆ ಹೋಗಿ ಸೆಲ್ಫಿ ಬೇಡ. ಹತ್ತಿರದ ಲೆವೆರಾ ತೀರಕ್ಕೆ ದೊಡ್ಡ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ಆದರೆ ಅದು ರಾತ್ರಿಯ, ಅನುಮತಿ ಬೇಕಾದ ಬೇರೆಯೇ ಪ್ರವಾಸ. ಇದೇ ದಿನಕ್ಕೆ ತುರುಕಬೇಡಿ.

ದಾರಿಯಲ್ಲಿ ಕಡಲತೀರಕ್ಕೆ ಇಳಿದರೆ ಒಂದು ಎಚ್ಚರಿಕೆ. ಸಣ್ಣ ಹಸಿರು ಸೇಬಿನಂಥ ಹಣ್ಣು ಬಿಡುವ 'ಮ್ಯಾಂಚಿನೀಲ್' ಮರದ ಹಾಲು ಚರ್ಮ ಸುಡುತ್ತದೆ, ಹಣ್ಣು ವಿಷ. ಮಳೆ ಬಂತೆಂದು ಅದರ ಅಡಿ ನಿಂತರೆ ಎಲೆಯಿಂದ ಇಳಿವ ನೀರಿಗೂ ಬೊಕ್ಕೆ ಏಳುತ್ತದೆ. ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುವುದುಂಟು, ಎಲ್ಲ ಮರಕ್ಕೂ ಅಲ್ಲ.

8. ಗೂಯಾವ್: ಜಾಯಿಕಾಯಿ ಕೇಂದ್ರ (3 ಗಂಟೆಯೊಳಗೆ)

ಬರೆಯುವುದು ಗೂಯಾವ್, ಕರೆಯುವುದು 'ಗ್ವಾವ್', ಅಂದರೆ ಸೀಬೆ. ದೇಶದ ಬಾವುಟದ ಮೇಲೂ ಜಾಯಿಕಾಯಿ ಇದೆ, ಅದರ ಕೆಲಸ ಕಾಣುವುದು ಈ ಹಳೆಯ ಮರದ ಕಟ್ಟಡದಲ್ಲಿ. 1947ರಲ್ಲಿ ಶುರುವಾದ ಬೆಳೆಗಾರರ ಸಹಕಾರ ಸಂಘದ್ದು. ನಾಲ್ಕರ ಹೊತ್ತಿಗೆ ಕೆಲಸ ನಿಲ್ಲುತ್ತದೆ, ಹಾಗಾಗಿ ಸೊಟೇರ್‌ನಲ್ಲಿ ಹೊತ್ತು ಕಳೆದವರು ಬೀಗ ನೋಡಿ ಬರುತ್ತಾರೆ.

ಚಿಪ್ಪುಸಮೇತ ಬೀಜವನ್ನು ಆರರಿಂದ ಎಂಟು ವಾರ ನೆರಳಿನ ತಟ್ಟೆಗಳಲ್ಲಿ ಕೆದರುತ್ತಾ ಒಣಗಿಸುತ್ತಾರೆ. ಬಿಸಿಲಿಗೆ ಹಾಕಿದರೆ ಎಣ್ಣೆ ಹಾರುತ್ತದೆ. ಅಲುಗಿಸಿದಾಗ ಒಳಗೆ ಗಲಗಲ ಎಂದರೆ ಒಡೆಯುವ ಹದ. ಒಡೆದ ತಿರುಳನ್ನು ನೀರಿಗೆ ಹಾಕುತ್ತಾರೆ. ಮುಳುಗಿದ್ದು ಗಟ್ಟಿ, ಅಡುಗೆಗೆ. ತೇಲಿದ್ದು ಹುಳುಕು ಅಥವಾ ಟೊಳ್ಳು, ಎಣ್ಣೆ ತೆಗೆಯಲು. ಈ ಪರೀಕ್ಷೆಯನ್ನು ಮನೆಯಲ್ಲೂ ಮಾಡಬಹುದು. ಕೆಂಪು ಜಾಪತ್ರೆಯನ್ನು ಬೇರೆಯಾಗಿ ತಿಂಗಳುಗಟ್ಟಲೆ ಇಡುತ್ತಾರೆ, ಕೆಂಪು ಹೋಗಿ ಹೊಂಬಣ್ಣ ಬರುವ ತನಕ.

ಶುಕ್ರವಾರವಾದರೆ ಸಂಜೆ ಇದೇ ಊರಿನ ಬೀದಿಯಲ್ಲಿ ಮೀನಿನ ಸಂತೆ, 'ಫಿಶ್ ಫ್ರೈಡೇ'. ಮೀನು ತಿನ್ನುವವರು ಅದಕ್ಕೆ ಉಳಿದು, ಗೈಡ್‌ಗೆ ಮೊದಲೇ ಹೇಳಿ ಕತ್ತಲಾದ ಮೇಲೆ ಮರಳಬಹುದು.

9. ಗೈಡ್ ಬೇಡ, ಖರ್ಚು ಕಡಿಮೆ ಇರಲಿ ಎನ್ನುವವರಿಗೆ

ಸೇಂಟ್ ಜಾರ್ಜಸ್ ನಿಲ್ದಾಣದಿಂದ 6ನೇ ನಂಬರ್ ವ್ಯಾನ್ ಗ್ರಾಂಡ್ ಎಟಾಂಗ್ ಮೇಲೆ ಗ್ರೆನ್‌ವಿಲ್‌ಗೆ ಹೋಗುತ್ತದೆ, 5ನೇ ನಂಬರ್ ಗೂಯಾವ್‌ಗೆ. ಇಳಿಯಬೇಕಾದಾಗ ವ್ಯಾನಿನ ಮೈಯನ್ನು ಗೆಣ್ಣಿನಿಂದ ತಟ್ಟಿ. ಒಂದು ದಿನದಲ್ಲಿ ಎರಡೂ ಆಗುತ್ತದೆ, ಬೆಲ್ಮಾಂಟ್ ಆಗುವುದಿಲ್ಲ.

10. ಕೊಂಡು ತರುವುದು

ರಾಜಧಾನಿಯ ಮಾರುಕಟ್ಟೆಗೆ ಐದರೊಳಗೆ ಬಂದರೆ ಮಸಾಲೆ ಕೊಳ್ಳಬಹುದು. 'ಸ್ಯಾಫ್ರನ್' ಎಂದು ಹಳದಿ ಪುಡಿ ಕೊಟ್ಟರೆ ಅಗ್ಗದ ಕೇಸರಿ ಸಿಕ್ಕಿತೆಂದು ಹಿಗ್ಗಬೇಡಿ, ಅದು ಅರಿಶಿನ. ಅದನ್ನು ಅಲ್ಲಿಂದ ಹೊತ್ತು ತರುವ ಅಗತ್ಯವಿಲ್ಲ. ಹಸಿ ಹಣ್ಣು, ಸಸಿ, ಬಿತ್ತನೆಗೆ ಬರುವ ಬೀಜ ತರಬೇಡಿ. ದಾರಿಯ ದೇಶದ ಕಸ್ಟಮ್ಸ್‌ನಲ್ಲಿ ತಿನಿಸು ಏನಿದೆ ಎಂದರೆ ಇದ್ದದ್ದನ್ನು ಹೇಳಿಬಿಡಿ. ಜಾಯಿಕಾಯಿ ಸಿರಪ್, ಜಾಮ್ ಎಲ್ಲ ಕೈಚೀಲದಲ್ಲಲ್ಲ, ಲಗೇಜಿನಲ್ಲಿ.

ನಿಜಕ್ಕೂ ತರಬೇಕಾದುದು ಕೋಕೋ ಉಂಡೆ. ಹುರಿದ ಕೋಕೋ ಅರೆದು ಮಸಾಲೆ ಸೇರಿಸಿ ಕಟ್ಟಿದ್ದು, ಇದರಿಂದ ಮಾಡುವುದಕ್ಕೆ 'ಕೋಕೋ ಟೀ' ಎನ್ನುತ್ತಾರೆ, ಚಹಾಪುಡಿ ಹಾಕುವುದಿಲ್ಲ. ನಾಲ್ಕು ಲೋಟಕ್ಕೆ ಮೂರು ಲೋಟ ನೀರು, ಉಂಡೆಯ ತುರಿ ಮೂರು ದೊಡ್ಡ ಚಮಚ, ಸಣ್ಣ ಚೂರು ಚಕ್ಕೆ, ಒಂದು ಬೇ ಎಲೆ ಹಾಕಿ ಹತ್ತು ಹದಿನೈದು ನಿಮಿಷ ಕುದಿಸಿ. ಆಮೇಲೆ ಒಂದು ಲೋಟ ಹಾಲು, ಸಕ್ಕರೆ, ಜಾಯಿಕಾಯಿ ಎರಡೇ ಎರಡು ಉಜ್ಜು. ಹಾಲು ಮೊದಲೇ ಹಾಕಿದರೆ ತಳ ಹಿಡಿಯುತ್ತದೆ. ಜಾಯಿಕಾಯಿ ಚಮಚಗಟ್ಟಲೆ ಹಾಕಿದರೆ ವಾಂತಿ, ಭ್ರಮೆ ಬರುತ್ತದೆ, ಅದು ತಮಾಷೆಯ ಮಾತಲ್ಲ. ಮೇಲೆ ತೇಲುವ ಜಿಡ್ಡು ಕೋಕೋ ಬೆಣ್ಣೆ, ಅದನ್ನು ಹಿಂಡಿ ತೆಗೆಯದೆ ಅರೆದಿರುವುದರಿಂದ ಬರುತ್ತದೆ. ಕೆನೆ ತೆಗೆದ ಹಾಗೆ ತೆಗೆದುಹಾಕಬೇಡಿ, ಕಲಕಿ ಕುಡಿಯಿರಿ.

ಒಂದೆರಡು ತಿಂಗಳಿಗೆ ಉಂಡೆಯ ಮೇಲೆ ಬಿಳಿ ಪೊರೆ ಕಾಣಿಸಿಕೊಳ್ಳುತ್ತದೆ. ಬೆರಳಿಂದ ಉಜ್ಜಿದಾಗ ಮೇಣದ ಹಾಗೆ ಕರಗಿದರೆ ಅದು ಬೆಣ್ಣೆಯಂಶ, ಬಳಸಬಹುದು. ನೂಲಿನ ಹಾಗೆ ಎದ್ದು ಮುಗ್ಗಲು ವಾಸನೆ ಬಂದರೆ ಬೂಸ್ಟು, ಎಸೆಯಿರಿ.